ಗಡಿಯಾರದ ಕೆಳಗಿನ ಬೆಂಚು

"ನಮಸ್ಕಾರ. ನಾನು..."

ಅಷ್ಟೇ! ಮುಂದಕ್ಕೆ ಮಾತೇ ಇಲ್ಲ.

ಆದರೆ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಮೆಲ್ಲಿಗೆ ಆ ಒಂದೂವರೆ ಮಾತೇ ಸಾಕಾಯಿತು. ತಗ್ಗಿಸಿದ್ದ ತಲೆ ತಟ್ಟನೆ ಮೇಲೆದ್ದಿತು. ಈ ಧ್ವನಿ... ಇದು ಆ ಧ್ವನಿಯಲ್ಲವೇ?

ಕಾಲೇಜಿಗೆಂದು ಬಂದಿಳಿದ ದಿನವೆಲ್ಲ ರೈಲು ನಿಲ್ದಾಣದ ಮೈಕಿನಲ್ಲಿ ಅವಳು ಕೇಳುತ್ತಿದ್ದ ಧ್ವನಿ. "ಪ್ರಯಾಣಿಕರ ಗಮನಕ್ಕೆ..." ಎಂದು ಶುರುವಾದರೆ ಸಾಕು, ಸೀಟಿಗಾಗಿ ಜಗಳವಾಡುತ್ತಿದ್ದವರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಗಾಡಿ ತಡ ಎಂಬ ಹಾಳು ಸುದ್ದಿಯನ್ನೂ ಜ್ವರ ಬಂದ ಮಗುವಿನ ತಲೆ ಸವರಿದ ಹಾಗೆ ಹೇಳುವ ಧ್ವನಿ. ಅದರ ಒಡೆಯ ಹೇಗಿರಬಹುದೆಂದು ಅವಳು ಎಷ್ಟು ಸಲ ಊಹಿಸಿದ್ದಳೋ!

ಆ ಒಡೆಯ ಈಗ ಎದುರಿಗೇ ನಿಂತಿದ್ದ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು!

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಹಣೆಯಲ್ಲಿ ಬೆವರು. ಮೆಲ್ಲಿ ಮನಸ್ಸಿನಲ್ಲೇ ಅಂದುಕೊಂಡಳು: 'ಪಾಪ... ಏನಾದ್ರೂ ಹೇಳಿ, ಏನಾದ್ರೂ...'

ಭಾಷಣದ ಮೇಡಂ ಎದ್ದರು. ಗಿಡ್ಡನೆಯ ಹೆಂಗಸು, ಕನ್ನಡಕ ಯಾವಾಗಲೂ ಮೂಗಿನ ತುದಿಯಲ್ಲಿ. ಅವನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿ ಮರಳಿ ಬಂದು ಕುಳಿತರು.

ಅವನು ಒಮ್ಮೆ ಉಗುಳು ನುಂಗಿದ. ತಲೆಯೆತ್ತಿದ. ಇಡೀ ತರಗತಿಯನ್ನು ದಾಟಿ ಅವನ ಕಣ್ಣು ಕೊನೆಯ ಬೆಂಚಿಗೆ ಬಂದು ನಿಂತಿತು.

ಅವಳ ಮೇಲೆ... ನೇರ ಅವಳ ಮೇಲೆ!

"ನಾನು ರೈಲ್ವೆ ಸ್ಟೇಷನ್ನಲ್ಲಿ ಅನೌನ್ಸರ್" ಎಂದ. "ದಿನಾ ಸಾವಿರಾರು ಜನಕ್ಕೆ ಮಾತಾಡ್ತೀನಿ. ಒಬ್ಬರ ಮುಖಾನೂ ನೋಡಿಲ್ಲ. ಒಂದು ಸಣ್ಣ ಕೋಣೆ, ಒಂದು ಮೈಕು, ಅಷ್ಟೇ. ಎದುರಿಗೆ ಮುಖ ಬಂತು ಅಂದ್ರೆ... ನನ್ನ ಗಾಡಿ ಅಲ್ಲೇ ನಿಂತುಬಿಡುತ್ತೆ."

ತರಗತಿ ನಕ್ಕಿತು. ಈ ಸಲದ ನಗುವಿನಲ್ಲಿ ಕುಹಕವಿರಲಿಲ್ಲ. ಅವನೂ ಸಣ್ಣಗೆ ನಕ್ಕ. ಕಣ್ಣು ಮಾತ್ರ ಅಲ್ಲಿಂದ ಕದಲಲಿಲ್ಲ. ಮೆಲ್ಲಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಇಷ್ಟು ಹೊತ್ತು ನೋಡಿರಲಿಲ್ಲ.

* * *

ಮೆಲ್ಲಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ಅಷ್ಟು ಮೆಲ್ಲಗೆ ಮಾತು. ಅದೂ ಆಡಿದರೆ! ಅಮ್ಮನಿಗೆ ಒಂದು ಟೈಲರಿಂಗ್ ಅಂಗಡಿ. ಅಲ್ಲಿ ಅಮ್ಮನದು ಕತ್ತರಿ, ಮೆಲ್ಲಿಯದು ಸೂಜಿ, ಅಕ್ಕನದು ಬಾಯಿ. ಅಕ್ಕ ಗಿರಾಕಿಗಳ ಜೊತೆ ಅರಳು ಹುರಿದಂತೆ ಮಾತಾಡುವಾಗ ತಂಗಿ ಒಳಗೆ ತಲೆತಗ್ಗಿಸಿ ಕಾಜಾ ಹೊಲಿಯುತ್ತಿದ್ದಳು. ಶಾಲೆಯಲ್ಲಿ ಮೆಲ್ಲಿಗೆ ಹೊಟ್ಟೆನೋವು ಬಂದರೆ ಟೀಚರ್‌ಗೆ ಹೇಳುತ್ತಿದ್ದದ್ದೂ ಅಕ್ಕನೇ. ಅದೂ ಎಷ್ಟು ಅಭಿನಯಿಸಿ ಎಂದರೆ, ಟೀಚರ್ ಮಾತ್ರೆಯನ್ನು ಅಕ್ಕನಿಗೇ ಕೊಟ್ಟುಬಿಟ್ಟಿದ್ದರಂತೆ!

ಆ ಅಕ್ಕನಿಗೆ ಈಗ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ಹೊರಡುವವಳು. ಆಮೇಲೆ ಅಂಗಡಿಯ ಮುಂದೆ ನಿಲ್ಲುವವರು ಯಾರು?

"ಯಾರು ಅಂದ್ರೆ? ಇವಳೇ" ಎಂದಿದ್ದರು ಅಮ್ಮ.

"ಇವಳಾ? ಗಿರಾಕಿ ಬಂದ್ರೆ ಬಟ್ಟೆ ರಾಶಿ ಹಿಂದೆ ಅಡಗಿಕೊಳ್ತಾಳೆ. ಅವರು ಇವಳನ್ನೂ ಇಸ್ತ್ರಿ ಮಾಡಿ ಕೊಡಿ ಅಂದಾರು!" ಎಂದು ಅಕ್ಕ ನಕ್ಕಿದ್ದಳು.

ಮೆಲ್ಲಿ ನಕ್ಕಿರಲಿಲ್ಲ. ಹೆದರಿದ್ದಳು. ಕೊನೆಯ ವರ್ಷದವರಿಗೆ, ಹೊರಗಿನವರೂ ಸೇರಬಹುದಾದ ಈ ಸಂಜೆಯ ಭಾಷಣದ ಕೋರ್ಸ್ ಕಡ್ಡಾಯವೆಂದಾಗ ಇನ್ನೂ ಹೆದರಿದ್ದಳು. ನಾಲ್ಕು ಭಾಷಣ. ಒಂದು ತಪ್ಪಿದರೂ ಫೇಲ್.

ಅವಳ ಸರದಿ ಬಂದೇ ಬಂತು. ಏನಾದರೊಂದು ಕೆಲಸವನ್ನು ಮಾಡಿ ತೋರಿಸುತ್ತ ವಿವರಿಸಬೇಕು. ಅವಳು ಒಂದು ತುಂಡು ಬಟ್ಟೆ, ಸೂಜಿ, ಕೆಂಪು ದಾರ ಹಿಡಿದು ಮುಂದೆ ಹೋಗಿ ನಿಂತಳು. ಎದುರಿಗೆ ಮುಖ, ಮುಖ, ಬರೀ ಮುಖ!

ಅಷ್ಟರಲ್ಲಿ ಅವನು ಕಂಡ. ಮೊದಲ ಸಾಲಿನ ತುದಿಯಲ್ಲಿ, ಗಲ್ಲಕ್ಕೆ ಕೈ ಕೊಟ್ಟು ಕುಳಿತು ಅವಳನ್ನೇ ನೋಡುತ್ತಿದ್ದ.

'ಅವರು ನನ್ನನ್ನು ನೋಡಿ ಮಾತಾಡಿದರು. ನಾನೂ ಅವರನ್ನು ನೋಡಿಯೇ ಮಾತಾಡುತ್ತೇನೆ.'

"ಇದು... ಕಾಜಾ" ಎಂದಳು. "ಗುಂಡಿ ಹಾಕೋಕೆ ಬಟ್ಟೇಲಿ ಬಿಡೋ ಕಿಂಡಿ. ಎಲ್ರೂ ಗುಂಡೀನ ನೋಡ್ತಾರೆ. ಕಾಜಾನ ಯಾರೂ ನೋಡಲ್ಲ. ಆದ್ರೆ ಕಾಜಾ ಸರಿ ಇಲ್ದಿದ್ರೆ ಎಂಥಾ ಚಿನ್ನದ ಗುಂಡಿ ಇದ್ರೂ ಅಂಗಿ ನಿಲ್ಲಲ್ಲ."

ಹಿಂದಿನಿಂದ ಯಾರೋ "ವಾಹ್" ಎಂದರು. ಅವಳ ಬೆರಳುಗಳು ತಮ್ಮ ಪಾಡಿಗೆ ನಡೆದವು, ಬೆರಳಿನ ಹಿಂದೆ ಮಾತೂ ನಡೆಯಿತು. ಮುಗಿದಾಗ ಚಪ್ಪಾಳೆ! ಮೆಲ್ಲಿಗೆ ಚಪ್ಪಾಳೆ!

* * *

ಅಂದು ಸಂಜೆಯಿಂದ ಇಬ್ಬರೂ ನಿಲ್ದಾಣದವರೆಗೆ ಜೊತೆಯಲ್ಲಿ ನಡೆಯತೊಡಗಿದರು. ಅವನ ಮನೆ ನಿಲ್ದಾಣದ ಹಿಂದೆಯೇ, ಅವಳ ಗಾಡಿ ಅಲ್ಲಿಂದಲೇ.

ಪಕ್ಕದಲ್ಲಿ ನಡೆಯುವಾಗ ಅವನು ಮಾತಿನಮಲ್ಲ.

"ಒಂದ್ಸಲ ಏನಾಯ್ತು ಗೊತ್ತಾ? ಮೈಕ್ ಆಫ್ ಮಾಡೋದು ಮರೆತು, 'ಈ ಚಹಾ ಮಾರೋನು ನೀರಿಗೆ ಬಣ್ಣ ಹಾಕಿ ಕೊಡ್ತಾನೆ' ಅಂದ್ಬಿಟ್ಟೆ. ನಾಲ್ಕೂ ಪ್ಲಾಟ್‌ಫಾರಮ್ಮಿಗೆ ಕೇಳಿಸ್ತು!"

"ಅಯ್ಯೋ! ಆಮೇಲೆ?"

"ಆಮೇಲೇನು, ಈಗಲೂ ನನಗೆ ಮಾತ್ರ ನೀರೇ ಕೊಡ್ತಾನೆ. ಬಣ್ಣಾನೂ ಹಾಕಲ್ಲ."

ಅವಳು ಬಾಯ್ತುಂಬ ನಕ್ಕಳು. ಆದರೆ ಚಹಾದಂಗಡಿಯಲ್ಲಿ ಎದುರುಬದುರು ಕುಳಿತರೆ ಮುಗಿಯಿತು, ಅದೇ ಮಾತಿನಮಲ್ಲ ಕಪ್ಪಿನೊಳಗೆ ಬಿದ್ದ ನೊಣ ಹುಡುಕುವವನಂತೆ ತಲೆತಗ್ಗಿಸಿ ಕೂರುತ್ತಿದ್ದ. 'ನಾಚಿಕೆ' ಎಂದುಕೊಂಡಳು ಮೆಲ್ಲಿ. ವೇದಿಕೆಯ ಮೇಲೆ ಮಾತ್ರ ಎಷ್ಟು ಧೈರ್ಯವಾಗಿ ನೋಡುತ್ತಾರೆ! ಎರಡನೆಯ ಭಾಷಣದಲ್ಲೂ ಅವಳನ್ನೇ, ಮೂರನೆಯದರಲ್ಲೂ ಅವಳನ್ನೇ.

ಆ ನೋಟಕ್ಕೆ ಅವಳು ಬದಲಾಗಿದ್ದಳು. ಅಂಗಡಿಯಲ್ಲಿ ಒಬ್ಬ ಗಿರಾಕಿಗೆ "ನಾಳೆ ಬನ್ನಿ" ಎಂದು ತಾನೇ ಹೇಳಿದ್ದಳು. ಅಕ್ಕ ಬಾಯಿಗೆ ಕೈ ಇಟ್ಟುಕೊಂಡಿದ್ದಳು.

ಅದನ್ನೆಲ್ಲ ಒಂದು ಸಂಜೆ ಚಹಾ ಕುಡಿಯುತ್ತ ಅವನಿಗೆ ಹೇಳಿಯೇಬಿಟ್ಟಳು. "ನೀವು ಮೊದಲ್ನೇ ದಿನ ನನ್ನನ್ನೇ ನೋಡ್ತಾ ಮಾತಾಡಿದ್ರಲ್ಲ... ಅದಕ್ಕೇ ನನಗೆ ಮಾತು ಬಂತು. ಯಾರಾದ್ರೂ ನನ್ನ ಹಾಗೆ ನೋಡಬಹುದು ಅಂತಾನೇ ನನಗೆ ಗೊತ್ತಿರಲಿಲ್ಲ."

ಅವನು ಕಪ್ಪನ್ನು ತಿರುಗಿಸಿದ.

"ಹೂಂ" ಎಂದ. ಅಷ್ಟೇ.

ಆ 'ಹೂಂ' ಹಿಡಿದುಕೊಂಡು ಅವಳು ಮನೆಯವರೆಗೂ ತೇಲಿಕೊಂಡು ಹೋದಳು.

* * *

ಮುಂದಿನ ತರಗತಿಯಲ್ಲಿ ಹೊಸದಾಗಿ ಸೇರಿದ ಒಬ್ಬಳು ವೇದಿಕೆಯ ಮೇಲೆ ಅಳುವ ಹಾಗಾದಳು.

"ಅಳಬೇಡಮ್ಮ" ಎಂದರು ಮೇಡಂ. "ಎಲ್ಲದಕ್ಕೂ ಒಂದು ಉಪಾಯ ಇದೆ. ನಮ್ಮ ಅನೌನ್ಸರ್ ಮೊದಲ ದಿನ ಇದೇ ಸ್ಥಿತೀಲಿದ್ದ. ಅವತ್ತು ನಿನ್ನ ಕಿವೀಲಿ ಏನು ಹೇಳಿದ್ದೆ? ಹೇಳಪ್ಪ ಇವಳಿಗೆ."

ಅವನು ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು.

"ಮೇಡಂ... ಅದು..."

"ನಾಚಿಕೆ ಯಾಕೋ? ಹೇಳು."

"ಯಾರ ಮುಖಾನೂ ನೋಡಬೇಡ... ಹಿಂದಿನ ಗೋಡೆ ಮೇಲಿರೋ ಗಡಿಯಾರ ನೋಡ್ಕೊಂಡು ಮಾತಾಡು. ನೋಡೋರಿಗೆ ನೀನು ಅವರನ್ನೇ ನೋಡ್ತಿದ್ದೀಯ ಅನ್ಸುತ್ತೆ... ಅಂದಿದ್ರಿ."

"ನೋಡು! ಆ ಗಡಿಯಾರ ನೋಡ್ಕೊಂಡೇ ಮೂರು ಭಾಷಣ ದಾಟಿಬಿಟ್ಟ, ಜಾಣ!"

ತರಗತಿಯೆಲ್ಲ ನಕ್ಕಿತು. ಮೆಲ್ಲಿ ನಿಧಾನವಾಗಿ ಹಿಂದಕ್ಕೆ ತಿರುಗಿದಳು.

ಅವಳ ತಲೆಯಿಂದ ಒಂದು ಗೇಣು ಮೇಲೆ, ಗೋಡೆಯಲ್ಲಿ, ದುಂಡನೆಯ ಗಡಿಯಾರ! ಟಿಕ್ ಟಿಕ್ ಎಂದು ಅದೂ ನಗುತ್ತಿದ್ದಂತಿತ್ತು.

ನಾನಲ್ಲ... ನಾನಲ್ಲವೇ ಅಲ್ಲ!

ಕಿವಿಯಿಂದ ಕುತ್ತಿಗೆಯವರೆಗೆ ಬೆಂಕಿ ಹತ್ತಿದಂತಾಯಿತು. ತಾನು ಆಡಿದ ಒಂದೊಂದು ಮಾತೂ ನೆನಪಾಯಿತು. 'ನೀವು ನನ್ನನ್ನೇ ನೋಡ್ತಾ...' ಛೇ! ಅದಕ್ಕೆ ಅವನು 'ಹೂಂ' ಎಂದನಲ್ಲ! ಗೊತ್ತಿದ್ದೂ!

ಮೆಟ್ಟಿಲ ಬಳಿ ಅವನು ಓಡಿ ಬಂದು ತಡೆದ. "ಒಂದು ನಿಮಿಷ... ನಾನು..."

ಎದುರಿಗೆ ಅವಳ ಮುಖವಿತ್ತು, ಇಷ್ಟು ಹತ್ತಿರದಲ್ಲಿ, ಕೆಂಡದಂತೆ. ಅವನ ಕಣ್ಣು ಮೆಟ್ಟಿಲಿಗೆ ಜಾರಿತು.

"ಹೇಳಿ! ಯಾಕೆ, ಇಲ್ಲಿ ಗಡಿಯಾರ ಇಲ್ವಾ?" ಎಂದಳು ಮೆಲ್ಲಿ. ತನ್ನ ಧ್ವನಿ ಇಷ್ಟು ಹರಿತವಾಗಬಲ್ಲದೆಂದು ಅವಳಿಗೇ ತಿಳಿದಿರಲಿಲ್ಲ. "ನನ್ನ ಮುಖದಲ್ಲಿ ಮುಳ್ಳು ಎಷ್ಟಿದ್ವು, ಎರಡಾ ಮೂರಾ? ಅಷ್ಟಾದ್ರೂ ನೆನಪಿದೆಯಾ?"

"ಅಲ್ಲ... ಅದು..."

"ನೀವು ಗಡಿಯಾರ ನೋಡಿದ್ದಕ್ಕೆ ಕೋಪ ಇಲ್ಲ. ನಾನು ಹುಚ್ಚಿ ಹಾಗೆ ಎಲ್ಲಾ ಹೇಳ್ಕೊಂಡಾಗ ಹೂಂ ಅಂದ್ರಲ್ಲ, ಅದಕ್ಕೆ. ಇನ್ಮೇಲೆ ನಿಮ್ಮ ಮುಖ ನೋಡೋಕೆ ಇಷ್ಟ ಇಲ್ಲ ನನಗೆ."

ಅವನ ತುಟಿ ಅಲುಗಿತು. ಅವಳು ಕಾಯದೆ ಮೆಟ್ಟಿಲಿಳಿದು ಹೋದಳು.

* * *

ಎರಡು ತರಗತಿಗೆ ಅವಳು ಚಕ್ಕರ್ ಹಾಕಿದಳು. ಅಂಗಡಿಯ ಮೂಲೆಯಲ್ಲಿ ಕೂತು ಹೊಲಿದಳು, ಬಿಚ್ಚಿದಳು, ಹೊಲಿದಳು. ಗಿರಾಕಿ ಬಂದರೆ ಮತ್ತೆ ಬಟ್ಟೆ ರಾಶಿಯ ಹಿಂದೆ.

"ಏನೇ, ಇಂಗು ತಿಂದ ಮಂಗನ ಹಾಗೆ ಕೂತಿದ್ದೀಯ?" ಎಂದಳು ಅಕ್ಕ. "ಭಾಷಣಕ್ಕೆ ಹೋಗಲ್ವಾ?"

"ನನಗೆ ಭಾಷಣ ಬರಲ್ಲ."

"ನಿನ್ನೆ ಮೊನ್ನೆವರೆಗೂ ಬರ್ತಿತ್ತು?"

"ಅದು ಸುಳ್ಳು. ಯಾರೋ ನನ್ನ ನೋಡ್ತಿದ್ದಾರೆ ಅಂದ್ಕೊಂಡು ಬಂದ ಧೈರ್ಯ. ಅವರು ನೋಡ್ತಾನೇ ಇರಲಿಲ್ಲ." ಅಷ್ಟು ಹೇಳಿ ಅತ್ತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಅಕ್ಕ ಪೂರ್ತಿ ಕೇಳಿದಳು. ನಡುವೆ ಬಾಯಿ ಹಾಕದೆ ಅವಳು ಕೇಳಿದ್ದು ಬಹುಶಃ ಹುಟ್ಟಿದ ಮೇಲೆ ಅದೇ ಮೊದಲು!

"ಗಡಿಯಾರ ನೋಡಿದ್ದು ಅವನು" ಎಂದಳು ಕೊನೆಗೆ. "ಹೂಂ ಅಂದಿದ್ದೂ ತಪ್ಪೇ. ಒಪ್ಪಿದೆ. ಆದ್ರೆ ಅಷ್ಟು ಜನದ ಮುಂದೆ ಕಾಜಾ ಹೊಲಿಯೋದು ಹೇಗೆ ಅಂತ ಹೇಳಿದ್ದು ಯಾರೇ? ಗಡಿಯಾರಾನಾ?"

ಮೆಲ್ಲಿ ಕಣ್ಣೊರೆಸಿಕೊಂಡಳು.

"ಆ ನೋಟ ಸುಳ್ಳಿರಬಹುದು. ನಿನ್ನ ಬಾಯಿಂದ ಬಂದ ಮಾತು ಸುಳ್ಳಾಗುತ್ತಾ?" ಅಕ್ಕ ದಡಕ್ಕನೆ ಎದ್ದಳು. "ಇರು, ನನ್ನ ಚಪ್ಪಲಿ ಎಲ್ಲಿ? ಅದ್ಯಾವ ಅನೌನ್ಸರ್ರೋ, ಅವನ ನಾಲ್ಕೂ ಪ್ಲಾಟ್‌ಫಾರಮ್ಮಿಗೆ ಕೇಳೋ ಹಾಗೆ ನಾನು ಅನೌನ್ಸ್ ಮಾಡಿ ಬರ್ತೀನಿ!"

"ಬೇಡ ಅಕ್ಕ."

"ಬೇಡ ಅಂದ್ರೆ? ನಿನ್ನ ಪರವಾಗಿ ನಾನಲ್ದೆ ಇನ್ಯಾರು..."

"ಬೇಡ. ನಾನೇ ಮಾತಾಡ್ತೀನಿ."

ಅಕ್ಕ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ತಂಗಿಯನ್ನು ದಿಟ್ಟಿಸಿದಳು. ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ಹೇಳೇ" ಎಂದಳು. "ಅಮ್ಮಂಗೂ ಕೇಳ್ಲಿ."

* * *

ಕೊನೆಯ ಭಾಷಣದ ದಿನ ಮೆಲ್ಲಿ ಬಂದಳು. ಮೊದಲ ಸಾಲಿನ ತುದಿಯ ಜಾಗ ಖಾಲಿ.

"ಮೇಡಂ, ಅವರು..." ಎಂದು ಕೇಳಿಯೇಬಿಟ್ಟಳು.

ಮೇಡಂ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಕೋರ್ಸೇ ಬಿಟ್ಟ. ತಾನೇ ಕೇಳಿ ಸಂಜೆ ಪಾಳಿ ಹಾಕಿಸ್ಕೊಂಡಿದ್ದಾನೆ. ಇನ್ನೊಂದೇ ಭಾಷಣ ಉಳಿದಿದೆ, ಮುಗಿಸೋ ಅಂದೆ. 'ನಾನಿದ್ರೆ ಇನ್ನೊಬ್ಬರು ಬರಲ್ಲ ಮೇಡಂ, ಅವರಿಗೆ ಈಗಷ್ಟೇ ಮಾತು ಬಂದಿದೆ' ಅಂದ. ಆ ಇನ್ನೊಬ್ಬರು ಯಾರು ಅಂತ ನಾನು ಕೇಳಲಿಲ್ಲ. ವಯಸ್ಸಾದ ಮೇಲೆ ಕೆಲವನ್ನ ಕೇಳ್ದೇನೇ ತಿಳ್ಕೋಬಹುದು."

ಮೆಲ್ಲಿ ವೇದಿಕೆಗೆ ಹೋಗಿ ನಿಂತಳು. ಹಿಡಿದುಕೊಳ್ಳಲು ಯಾವ ನೋಟವೂ ಇರಲಿಲ್ಲ. ಆ ಅಳುಮುಖದ ಹೊಸ ಹುಡುಗಿಯನ್ನು ನೋಡಿದಳು. ಕಿಟಕಿ ಪಕ್ಕದವನನ್ನು ನೋಡಿದಳು. ಆಮೇಲೆ ಒಬ್ಬೊಬ್ಬರನ್ನೇ. ಎಲ್ಲ ಮುಖಗಳೂ ಏನೋ ಕೇಳಲು ಕಾದಿದ್ದವು. ಇಷ್ಟು ದಿನ ಇವಕ್ಕೆ ಹೆದರಿದ್ದೆನೇ?

ಕೊನೆಯದು ಧನ್ಯವಾದದ ಭಾಷಣ. ಅವಳು ಅಕ್ಕನ ಬಗ್ಗೆ ಮಾತಾಡಿದಳು. ತನ್ನ ಹೊಟ್ಟೆನೋವಿಗೆ ಮಾತ್ರೆ ನುಂಗಿದ ಅಕ್ಕನ ಕತೆ ಕೇಳಿ ತರಗತಿ ಹೊಟ್ಟೆ ಹಿಡಿದು ನಕ್ಕಿತು. "ಇಷ್ಟು ವರ್ಷ ನನ್ನ ಮಾತಿನ ಭಾರ ಹೊತ್ತಳು. ಇನ್ನು ನಾನೇ ಹೊರ್ತೀನಿ" ಎಂದು ಮುಗಿಸಿದಾಗ ಯಾರೂ ನಗಲಿಲ್ಲ. ಮೇಡಂ ಕನ್ನಡಕ ಒರೆಸಿಕೊಂಡರು.

ಚಪ್ಪಾಳೆ ನಿಲ್ಲುವ ಮೊದಲೇ ಅವಳು ಬಾಗಿಲು ದಾಟಿದ್ದಳು.

* * *

ನಿಲ್ದಾಣದಲ್ಲಿ ಸಂಜೆಯ ಜನಜಂಗುಳಿ. ಮೇಲಿನಿಂದ ಅದೇ ಧ್ವನಿ ಇಳಿಯುತ್ತಿತ್ತು. ಗಾಡಿ, ಊರು, ಪ್ಲಾಟ್‌ಫಾರಂ. ಎಲ್ಲರಿಗೂ ಸಮಾಧಾನ. ಅವಳಿಗೆ ಮಾತ್ರ ಅಳು.

ತುದಿಯಲ್ಲಿ ಒಂದು ಸಣ್ಣ ಕೋಣೆ. ಬಾಗಿಲು ತಟ್ಟಿದಳು.

ತೆರೆದದ್ದು ಅವನೇ. ಹಿಂದೆ, ಸ್ಟೂಲಿನ ಮೇಲೆ, ದೊಡ್ಡ ಮೀಸೆಯ ಹಿರಿಯ ಸಹೋದ್ಯೋಗಿಯೊಬ್ಬರು ಪೇಪರ್ ಓದುತ್ತಿದ್ದರು.

"ನೀ... ನೀವು..."

"ಹೊರಗೆ ಬರ್ತೀರಾ? ಮಾತಾಡಬೇಕು."

ಅವನು ಬಂದ. ಇಬ್ಬರೂ ಎದುರುಬದುರು ನಿಂತರು. ಅವನ ಕಣ್ಣು ಅಭ್ಯಾಸದಂತೆ ಅವಳ ತಲೆಯ ಮೇಲೆ ಹೋಗಿ ತಡಕಾಡಿತು.

"ಕಷ್ಟ ಆದ್ರೆ ಪಕ್ಕದಲ್ಲಿ ನಡೀತಾ ಮಾತಾಡೋಣ" ಎಂದಳು ಮೆಲ್ಲಗೆ.

"ಬೇಡ" ಎಂದ. ಉಗುಳು ನುಂಗಿದ. ನೋಟವನ್ನು ಇಳಿಸಿ ಇಳಿಸಿ ಅವಳ ಕಣ್ಣಿಗೆ ತಂದ. ಬಾವಿಗೆ ಹಗ್ಗ ಇಳಿಬಿಟ್ಟ ಹಾಗೆ, ನಿಧಾನ. "ಗಡಿಯಾರ ನೋಡಿದ್ದು ನಿಜ. ಮೂರು ಸಲಾನೂ. ನಿಮ್ಮನ್ನ ನೋಡಿದ್ದೆ ಅಂತ ಈಗ ಸುಳ್ಳು ಹೇಳಲ್ಲ."

"ಹೂಂ ಅಂದಿದ್ಯಾಕೆ ಹಾಗಾದ್ರೆ?"

"ನಿಜ ಹೇಳಿದ್ರೆ ನಿಮ್ಮ ಮಾತು ಮತ್ತೆ ಒಳಗೆ ಹೋಗಿಬಿಡುತ್ತೆ ಅಂತ ಭಯ. ಮತ್ತೆ..." ನಿಂತ. "ಅದು ನಿಜ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅಂತ ಆಸೆ. ಆಸೆಗೆ ಹೂಂ ಅಂದೆ."

ಪಕ್ಕದಲ್ಲಿ ಗಾಡಿಯೊಂದು ಹೊರಟಿತು. ಅವನು ಅದು ಹೋಗುವವರೆಗೆ ಕಾದ.

"ನಾನು ವೇದಿಕೆ ಮೇಲೆ ನಿಂತಾಗ ನೋಡೋ ಧೈರ್ಯ ಇರಲಿಲ್ಲ. ಆದ್ರೆ ನೀವು ಮೇಲೆ ನಿಂತಾಗ ಕೇಳೋನು ನೋಡಬಹುದಲ್ಲ? ತಪ್ಪಲ್ಲವಲ್ಲ? ಆವಾಗ ನೋಡಿದ್ದೀನಿ. ಮಾತು ಸಿಗದೇ ಹೋದಾಗ ನೀವು ಗಾಳೀಲಿ ದಾರ ಪೋಣಿಸ್ತೀರ, ಹೀಗೆ, ಎರಡು ಬೆರಳಲ್ಲಿ. ಮಾತು ಸಿಕ್ಕ ಕೂಡಲೇ ಎಡಗಡೆ ಹುಬ್ಬು ಒಂಚೂರು ಮೇಲೆ ಹೋಗುತ್ತೆ. ಚಪ್ಪಾಳೆ ಬಂದ್ರೆ ಹಿಂದೆ ತಿರುಗಿ ನೋಡ್ತೀರ, ಬೇರೆ ಯಾರಿಗೋ ಅನ್ನೋ ಹಾಗೆ." ಅವನ ಧ್ವನಿ ಒಡೆಯಿತು. ಊರಿಗೇ ಧೈರ್ಯ ಹೇಳುವ ಆ ಧ್ವನಿ! "ಮುಳ್ಳು ಎಷ್ಟು ಅಂತ ಕೇಳಿದ್ರಿ. ನನಗೆ ಗೊತ್ತಿರೋದು ಇಷ್ಟೇ."

ಮೆಲ್ಲಿಯ ಎರಡು ಬೆರಳು ಆಗಲೂ ಗಾಳಿಯಲ್ಲಿ ದಾರ ಪೋಣಿಸುತ್ತಿದ್ದವು. 'ನೋಡಿದ್ದರು... ನಾನು ಊಹಿಸಿದ ಕಡೆಯಿಂದಲ್ಲ. ಆದರೆ ನೋಡಿದ್ದರು!'

ಅಷ್ಟರಲ್ಲಿ ಕೋಣೆಯಿಂದ ಮೀಸೆಯ ತಲೆ ಹೊರಬಂತು. "ಲೇಯ್, ಗಾಡಿ ಬರ್ತಿದೆ, ಅನೌನ್ಸ್ ಮಾಡ್ಬೇಕು!"

"ಬಂದೆ ಮಾಮ..."

ಮೀಸೆ ಇಬ್ಬರನ್ನೂ ಒಮ್ಮೆ ನೋಡಿತು. "ಬರಬೇಡ, ಅಲ್ಲೇ ನಿಲ್ಲು. ಇದನ್ನ ನಾನು ಹೇಳ್ತೀನಿ. ಅದನ್ನ ನೀನು ಹೇಳು!"

ಮರುಕ್ಷಣ ನಾಲ್ಕೂ ಪ್ಲಾಟ್‌ಫಾರಮ್ಮಿನ ಮೇಲೆ ತಗಡು ಎಳೆದಂಥ ಧ್ವನಿಯೊಂದು ಅಬ್ಬರಿಸಿತು. ಪ್ರಯಾಣಿಕರು ಬೆಚ್ಚಿ ತಲೆಯೆತ್ತಿದರು. ಒಂದು ಮಗು ಅಳತೊಡಗಿತು.

ಇಬ್ಬರೂ ಒಟ್ಟಿಗೇ ನಕ್ಕರು. ನಗುವಿನ ನಡುವೆಯೇ ಮೆಲ್ಲಿಯ ಕಣ್ಣಿಂದ ಹನಿ ಉದುರಿತು.

"ಕೋರ್ಸ್ ಬಿಡಬೇಡಿ" ಎಂದಳು. "ನಾಳೆ ಬನ್ನಿ. ಮೇಡಂ ಒಪ್ಕೋತಾರೆ. ನಾನು ಮೊದಲ್ನೇ ಸಾಲಲ್ಲಿ ಕೂರ್ತೀನಿ."

"ಅಷ್ಟು ಹತ್ರಾನಾ?"

"ಹೂಂ. ಅಷ್ಟು ಹತ್ರ." ಅವಳು ಒಂದು ಉಸಿರು ಎಳೆದುಕೊಂಡಳು. ಯಾರೂ ಅವಳ ಪರವಾಗಿ ಹೇಳಲಾಗದ ಮಾತು ಅದು. "ನನಗೆ ನಿಮ್ಮ ಮೇಲೆ ಪ್ರೀತಿ. ನಿಮ್ಮ ಧ್ವನಿ ಮೇಲಲ್ಲ, ನಿಮ್ಮ ಮೇಲೆ. ಕೇಳಿಸ್ತಾ?"

ಅವನು ತಲೆಯಾಡಿಸಿದ. ಕಣ್ಣು ಅವಳ ಕಣ್ಣಿನಲ್ಲೇ ಇತ್ತು. ನಡುಗುತ್ತಿತ್ತು, ಆದರೆ ಕದಲಲಿಲ್ಲ. ಜನ ಪಕ್ಕದಿಂದ ಹಾದುಹೋದರು. ಒಬ್ಬರ ಚೀಲ ಅವನ ಭುಜಕ್ಕೆ ತಾಗಿತು. ಅವನಿಗೆ ಅರಿವಾಗಲಿಲ್ಲ.

"ಏನಾದ್ರೂ ಮಾತಾಡಿ..." ಎಂದಳು ಅವಳು, ಅಳುವಿನ ನಡುವೆ ನಗುತ್ತ.

ಅವನು ಮೊದಲ ಬಾರಿಗೆ ಅವಳ ಕೈ ಹಿಡಿದ. ಮೊದಲ ಬಾರಿಗೆ 'ನೀವು' ಎಂಬುದು ಕಳಚಿಬಿತ್ತು.

"ಹೇಳ್ತೀನಿ, ಇರು..." ಎಂದ. "ಈಗ ನಿನ್ನನ್ನ ನೋಡ್ತಾ ಇದ್ದೀನಿ."